ಮನುಷ್ಯ ತಪ್ಪಿದರೆ ಕ್ಷಮಿಸುತ್ತೇವೆ, ಅಲ್ಗಾರಿದಮ್ (ಕಂಪ್ಯೂಟರ್ ಲೆಕ್ಕ ಹಾಕಿ ಉತ್ತರ ಕೊಡುವ ವಿಧಾನ) ತಪ್ಪಿದರೆ ಯಾಕೆ ತಕ್ಷಣ ನಂಬಿಕೆ ಹೋಗುತ್ತದೆ?

ಯಂತ್ರ ತಪ್ಪೇ ಮಾಡಬಾರದು ಅಂತ ನಾವು ಮೊದಲೇ ಅಂದುಕೊಂಡಿರುತ್ತೇವೆ, ಅದಕ್ಕೆ. ಮ್ಯಾಪ್ 20 ನಿಮಿಷ ಅಂದ ದಾರಿ 35 ನಿಮಿಷ ಹಿಡಿದರೆ ‘ಇದನ್ನ ನಂಬಬಾರದು’ ಅಂತೀವಿ. ಅದೇ ಮಾತು ಗೆಳೆಯ ಹೇಳಿದ್ದರೆ ‘ಪಾಪ, ಟ್ರಾಫಿಕ್ ಇತ್ತು’ ಅಂತ ಸುಮ್ಮನಾಗುತ್ತೇವೆ, ಅಲ್ವಾ? ಮನುಷ್ಯ ತಪ್ಪಿನಿಂದ ಕಲಿಯುತ್ತಾನೆ, ಯಂತ್ರ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತದೆ ಅನ್ನೋ ಭಾವನೆ ಒಳಗೆ ಕೂತಿರುತ್ತದೆ.

2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪ್ರಯೋಗ ಮಾಡಿ ನೋಡಿದರು. ಅಲ್ಗಾರಿದಮ್ ಮನುಷ್ಯರಿಗಿಂತ ಚೆನ್ನಾಗಿ ಊಹಿಸಿದ್ದನ್ನು ಕಣ್ಣಾರೆ ಕಂಡವರಲ್ಲೂ ಬಹಳ ಜನ, ಅದರ ತಪ್ಪುಗಳನ್ನು ನೋಡಿದ ಮೇಲೆ ಮನುಷ್ಯರ ಊಹೆಯನ್ನೇ ಆರಿಸಿಕೊಂಡರು. ಅಲ್ಗಾರಿದಮ್ ಹೇಳಿದ್ದನ್ನು ಪ್ರಶ್ನಿಸಲೇಬೇಕು, ಆದರೆ ನಾವು ಎಷ್ಟು ಸಲ ತಪ್ಪುತ್ತೇವೆ ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ನನಗೆ ತುಂಬಾ ಹಿಡಿಸಿದ್ದು ಅವರದೇ ಆಮೇಲಿನ ಪ್ರಯೋಗ: ಅಲ್ಗಾರಿದಮ್ ಕೊಟ್ಟ ಉತ್ತರವನ್ನು ಒಂಚೂರು ತಿದ್ದಲು ಬಿಟ್ಟರೆ ಸಾಕು, ಅದನ್ನು ಬಳಸಲು ಒಪ್ಪುವವರು ಜಾಸ್ತಿಯಾದರು.