ರಾತ್ರಿಯ ಉಪ್ಪು, ನೋವಿನ ಮಾತ್ರೆ ಮತ್ತು ಕಿಡ್ನಿ

ವಯಸ್ಸು 38, ಬಿಪಿ ಸ್ವಲ್ಪ ಜಾಸ್ತಿ, ತಂದೆಯವರಿಗೆ ಶುಗರ್ ಇದೆ ಅಂತ ಬರೆದಿದ್ದೀರಿ. ಕಿಡ್ನಿ ಚೆನ್ನಾಗಿರಲು ಮಲಗುವ ಮುಂಚೆ ಒಂದು ಲೀಟರ್ ನೀರು ಕುಡಿಯಬೇಕಾ, ಸಂಜೆ ಇನ್ನೇನು ರೂಢಿ ಮಾಡಿಕೊಳ್ಳಬೇಕು ಅನ್ನೋದು ನಿಮ್ಮ ಪ್ರಶ್ನೆ. ನಾನು ಡಾಕ್ಟರ್ ಅಲ್ಲ. ಅಮ್ಮನ ಕಿಡ್ನಿ ಕಾಯಿಲೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಅಮ್ಮನಿಗೆ ಮಂಡಿನೋವು. ರಾತ್ರಿ ಊಟ ಆದ ಮೇಲೆ ಒಂದು ಡೈಕ್ಲೋಫೆನಾಕ್ ನುಂಗಿ ಮಲಗುತ್ತಿದ್ದರು. ಡಾಕ್ಟರ್ ಚೀಟಿ ಇಲ್ಲದೆ ತಂದುಕೊಡುತ್ತಿದ್ದವನು ನಾನೇ. ಹೀಗೇ ನಾಲ್ಕು ವರ್ಷ ನಡೆಯಿತು. ಜೊತೆಗೆ ಬಿಪಿ ಬೇರೆ ಇತ್ತು. ಕಾಲು ಊದಿಕೊಂಡಿತು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತಾಗ ರಕ್ತದಲ್ಲಿ ಏರುತ್ತದೆ) 2.4 ಬಂತು, ಅಂದರೆ ತುಂಬಾ ಜಾಸ್ತಿ. ಅಲ್ಲಿಯವರೆಗೆ ಅವರಿಗೆ ಬೇರೆ ಯಾವ ತೊಂದರೆಯೂ ಕಾಣಿಸಿರಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ಮೈಯಲ್ಲಿ ನೀರಿನಂಶ ಕಡಿಮೆ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಮೊದಲು ಹೇಳುವುದು ಇದೇ: ಸಂಜೆ ತಲೆನೋವು, ಸೊಂಟನೋವು ಬಂತು ಅಂತ ಸುಮ್ನೆ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ನೋವು ಹೋಗುತ್ತಲೇ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಿ.

ಎರಡನೆಯದು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಎಲ್ಲ ಸೇರಿ ಒಂದು ಟೀ ಚಮಚದಷ್ಟೂ ಇಲ್ಲ. ನಮ್ಮ ಮನೆಯಲ್ಲಿ ಅದರ ದೊಡ್ಡ ಪಾಲು ರಾತ್ರಿ ತಟ್ಟೆಗೇ ಬರುತ್ತಿತ್ತು. ಸಾರಿನಲ್ಲಿ ಉಪ್ಪು, ಮೊಸರನ್ನಕ್ಕೆ ಉಪ್ಪು, ನಂಚಿಕೊಳ್ಳಲು ಉಪ್ಪಿನಕಾಯಿ, ಪಕ್ಕದಲ್ಲಿ ಹಪ್ಪಳ. ಅದಕ್ಕೂ ಮುಂಚೆ ಸಂಜೆ ಕಾಫಿ ಜೊತೆ ಬೇಕರಿಯ ಖಾರ. ನಾವು ಮೊದಲು ಬಿಟ್ಟದ್ದು ಮೊಸರನ್ನದ ಉಪ್ಪು. ಒಂದು ವಾರ ಸಪ್ಪೆ ಅನ್ನಿಸಿತು, ನಿಜ. ಶುಂಠಿ, ಕೊತ್ತಂಬರಿ ಸೊಪ್ಪು ಹಾಕಿದರೆ ರುಚಿ ಬರುತ್ತದೆ. ಆಮೇಲೆ ಉಪ್ಪಿನಕಾಯಿ ಭಾನುವಾರಕ್ಕೆ ಮಾತ್ರ ಉಳಿಯಿತು. 'ಕಡಿಮೆ ಸೋಡಿಯಂ ಉಪ್ಪು' ಅಂತ ಮಾರುವುದರಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಆಗಲೇ ಸೋತಿರುವವರಿಗೆ ಅದು ಅಪಾಯ. ಅದಕ್ಕೇ ಅಮ್ಮನಿಗೆ ಅದನ್ನು ಕೊಡುವುದಿಲ್ಲ.

ನೀರಿನ ವಿಷಯ. ರಾತ್ರಿ ಒಂದೇ ಸಲ ಒಂದು ಲೀಟರ್ ಕುಡಿದರೆ ಕಿಡ್ನಿ ತೊಳೆದಂತೆ ಆಗುವುದಿಲ್ಲ, ನಿದ್ದೆ ಕೆಡುತ್ತದೆ ಅಷ್ಟೇ. ದಿನವಿಡೀ ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಕಿಡ್ನಿ ಕಲ್ಲು ಆದವರಿಗೆ ಮಾತ್ರ ಲೆಕ್ಕ ಬೇರೆ, ಮಲಗುವ ಮುಂಚೆಯೂ ನೀರು ಕುಡಿಯಲು ಹೇಳುತ್ತಾರೆ.

ಊಟ ಆದ ಮೇಲೆ ಒಂದು ಹದಿನೈದು ನಿಮಿಷ ಮನೆ ಹತ್ತಿರವೇ ನಡೆಯಿರಿ. ಊಟದ ನಂತರ ಏರುವ ಸಕ್ಕರೆ ಹತೋಟಿಗೆ ಬರುತ್ತದೆ. ತಂದೆಯವರನ್ನೂ ಕರೆದುಕೊಂಡು ಹೋಗಿ.

ಬಿಪಿ ಮಿಷನ್ ಮನೆಯಲ್ಲಿದ್ದರೆ ವಾರದಲ್ಲಿ ಎರಡು ಸಂಜೆ ನೋಡಿಕೊಳ್ಳಿ. ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಪಟ್ಟಿ ಕಟ್ಟಿ. ಮನೆಯಲ್ಲಿ 135/85 ದಾಟುತ್ತಲೇ ಇದ್ದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ ರಾತ್ರಿಯೇ ತೆಗೆದುಕೊಳ್ಳಬೇಕು ಅಂತ ಕೆಲವರು ಹೇಳುತ್ತಾರೆ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ತೆಗೆದುಕೊಂಡವರಿಗೂ ರಾತ್ರಿ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯು ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ದಿನಾ ತೆಗೆದುಕೊಳ್ಳುವುದು ಮುಖ್ಯ.

ಇಷ್ಟಾದರೂ ಕಿಡ್ನಿ ಹೇಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಅಲ್ವಾ? ನಿಮಗೂ ತಂದೆಯವರಿಗೂ ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಿ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್. ಆಲ್ಬುಮಿನ್ ಸೋರುವುದು ಎಷ್ಟೋ ಸಲ ಕ್ರಿಯಾಟಿನಿನ್ ಏರುವ ಮುಂಚೆಯೇ ಗೊತ್ತಾಗುತ್ತದೆ. ನಮ್ಮ ಅಮ್ಮನಿಗೆ ಆ ಮೂತ್ರ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಮಾತ್ರೆ ನಿಲ್ಲಿಸಿ, ಉಪ್ಪು ಇಳಿಸಿ, ಬಿಪಿ ಹತೋಟಿಗೆ ಬಂದ ಮೇಲೆ ಅವರ ಕ್ರಿಯಾಟಿನಿನ್ 2ರ ಆಸುಪಾಸಿನಲ್ಲಿ ನಿಂತಿದೆ. ಡಯಾಲಿಸಿಸ್ ಇನ್ನೂ ಬೇಕಾಗಿಲ್ಲ.