ಕಥೇಲಿ ಕಪ್ಪು ವ್ಯಾನ್ ಬೇಡ, ಒಂದು ಟೀ-ಬನ್ನು ಸಾಕು

ಮನೆ ಬಿಟ್ಟು ಹೋಗೋ ಹದಿಹರೆಯದ ಮಕ್ಕಳ ಬಗ್ಗೆ ಈ ಸಲ ಮೂರು ಪ್ರಶ್ನೆ ಬಂದಿದಾವೆ. ಉತ್ತರ ಕೊಡ್ತಿರೋದು ಶಿವಮೊಗ್ಗದಲ್ಲಿ 20 ವರ್ಷದಿಂದ ಇಂಥ ಮಕ್ಕಳ ಜೊತೆ ಕೆಲಸ ಮಾಡ್ತಿರೋ ಆಪ್ತಸಮಾಲೋಚಕಿ.

ಪ್ರಶ್ನೆ: ಮೇಡಂ, ನಾನೊಂದು ಕ್ರೈಂ ಥ್ರಿಲ್ಲರ್ ಕಾದಂಬರಿ ಬರೀತಿದೀನಿ. ನಮ್ಮ ಕಡೆಯ 16 ವರ್ಷದ ಹುಡುಗ, 15 ವರ್ಷದ ಹುಡುಗಿ ಮನೆ ಬಿಟ್ಟು ಶಿವಮೊಗ್ಗಕ್ಕೆ ಬಂದು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗ್ತಾರೆ. ಮೆಜೆಸ್ಟಿಕ್ಕಲ್ಲಿ ಕಪ್ಪು ವ್ಯಾನ್ ಬಂದು ಎತ್ತಾಕ್ಕೊಂಡು ಹೋಗತ್ತೆ, ಕಿಡ್ನಿ ಮಾರೋ ಗ್ಯಾಂಗು. ಇತ್ತ ಮನೆಯೋರು ಸ್ಟೇಷನ್ನಿಗೆ ಹೋದ್ರೆ ಎಸ್‌ಐ 24 ಗಂಟೆ ಕಾಯಿರಿ ಅಂತಾನೆ. ಆ 24 ಗಂಟೆಯೇ ನನ್ನ ಕಥೆಯ ಟೆನ್ಷನ್. ಇದು ನಂಬೋ ಹಾಗಿದ್ಯಾ? (ಹೆಸರು ಬೇಡ, ತೀರ್ಥಹಳ್ಳಿ)

ಉತ್ತರ: ಕಥೆ ಖಂಡಿತ ಬರೀರಿ, ಮಲೆನಾಡಿನ ಈ ಮಕ್ಕಳ ಬಗ್ಗೆ ಯಾರಾದ್ರೂ ಬರೀಲಿ ಅಂತ ನಂಗೆ ಎಷ್ಟೋ ವರ್ಷದಿಂದ ಆಸೆ. ಆದ್ರೆ ಆ ವ್ಯಾನ್ ತೆಗೆದುಬಿಡಿ. ಇಷ್ಟು ವರ್ಷದಲ್ಲಿ ನನ್ನ ಮುಂದೆ ಕೂತು ಅತ್ತ ಮಕ್ಕಳಲ್ಲಿ ವ್ಯಾನಲ್ಲಿ ಎತ್ತಾಕ್ಕೊಂಡು ಹೋದ್ರು ಅಂದೋರು ಒಬ್ರೂ ಇಲ್ಲ. ಹೆಚ್ಚುಕಮ್ಮಿ ಎಲ್ರ ಕಥೆಯೂ ಒಂದೇ ಮಾತಿಂದ ಶುರುವಾಗತ್ತೆ, "ಒಬ್ರು ಅಣ್ಣ ಸಿಕ್ಕಿದ್ರು ಅಕ್ಕಾ, ಟೀ ಬನ್ನು ಕೊಡಿಸಿದ್ರು."

ಆ ಅಣ್ಣನೇ ನಿಮ್ಮ ವಿಲನ್. ನೋಡೋಕೆ ರೌಡಿ ತರ ಇರಲ್ಲ, ಇಸ್ತ್ರಿ ಮಾಡಿದ ಶರ್ಟು, ಮಾತಾಡಿದ್ರೆ ನಮ್ಮೂರಿನವನೇ ಅನ್ನಿಸ್ಬೇಕು ಹಾಗಿರ್ತಾನೆ. ಮೊದಲು ಯಾವೂರು ಯಾಕೆ ಬಂದೆ ಅಂತೆಲ್ಲ ಕೇಳಲ್ಲ, ಊಟ ಆಯ್ತಾ ಅಂತಾನೆ ಅಷ್ಟೇ. ಬೆಳಿಗ್ಗೆ ಮನೆ ಬಿಟ್ಟ ಹುಡುಗನನ್ನ ಇಡೀ ದಿನ ಯಾರೂ ಮಾತಾಡ್ಸಿರಲ್ಲ, ರಾತ್ರಿ ಒಂಬತ್ತಕ್ಕೆ ಆ ಒಂದು ಮಾತು ಕಿವಿಗೆ ಬಿದ್ರೆ ಗಂಟಲು ಕಟ್ಟಿಬಿಡತ್ತೆ. ಆಮೇಲೆ ಫೋನ್ ಚಾರ್ಜಿಗೆ ಹಾಕಿಕೊಡ್ತಾನೆ, ಮಲಗೋಕೆ ಜಾಗ ಇದೆ ಅಂತಾನೆ, ಬೇಕರಿಲೋ ಬಾರಲ್ಲೋ ಕೆಲಸ ಕೊಡಿಸ್ತೀನಿ ಊಟ ವಸತಿ ಫ್ರೀ ಅಂತಾನೆ, ನಾಲ್ಕು ದಿನ ಎಲ್ಲಾ ಸರಿಯಾಗೇ ಇರತ್ತೆ, ಐದನೇ ದಿನ ಲೆಕ್ಕ ಶುರು. ತಿಂದ ಊಟ, ಹಾಕಿದ ಬಟ್ಟೆ, ಟಿಕೆಟ್ಟಿನ ದುಡ್ಡು ಎಲ್ಲಾ ಸೇರಿಸಿ ಹುಡುಗ ಸಾಲಗಾರ ಆಗಿರ್ತಾನೆ, ಆಧಾರ್ ಕಾರ್ಡು ಫೋನು ಆ ಅಣ್ಣನ ಹತ್ರ ಇರತ್ತೆ. ಅಲ್ಲಿಂದ ಮುಂದೆ "ಈ ಕವರ್ ಅಲ್ಲಿ ಕೊಟ್ಟು ಬಾ" ಅಂದ್ರೆ ಒಳಗೆ ಏನಿದೆ ಅಂತ ಕೇಳೋ ಧೈರ್ಯ ಯಾವ ಹುಡುಗನಿಗೂ ಇರಲ್ಲ. ಮಗು ಕೈಲಿ ಗಾಂಜಾ ಸಾಗಿಸಿದೋರಿಗೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ ಇದೆ, ಆದ್ರೆ ಸಿಕ್ಕಿಬೀಳೋದು ಕವರ್ ಹಿಡ್ಕೊಂಡ ಹುಡುಗ. ಹುಡುಗಿ ಆದ್ರೆ ಅದೇ ಲೆಕ್ಕವನ್ನ ಬೇರೆ ದಾರೀಲಿ ತೀರಿಸೋಕೆ ಹೇಳ್ತಾರೆ, ಅದನ್ನ ನೀವು ಬಿಡಿಸಿ ಬರೆಯೋದೇ ಬೇಡ, ಬಾಗಿಲ ಹೊರಗೇ ನಿಲ್ಲಿಸಿ, ಓದೋರಿಗೆ ಅರ್ಥ ಆಗತ್ತೆ.

ಒಬ್ಬ ಹುಡುಗನ ವಿಷಯ ಹೇಳ್ತೀನಿ, ಊರು ಹೇಳಲ್ಲ. ಜುಲೈ ತಿಂಗಳು, ಮೂರು ದಿನದಿಂದ ಬಿಡದೇ ಹೊಡೀತಿದ್ದ ಮಳೆ, ಮೈಮೇಲಿನ ಬಟ್ಟೆ ಒದ್ದೆ ಆಗಿ ಮೈಯಲ್ಲೇ ಒಣಗಿ ಮತ್ತೆ ಒದ್ದೆ ಆಗಿತ್ತು. ಸ್ಕೂಲ್ ಬ್ಯಾಗಲ್ಲಿ ಪುಸ್ತಕ ಇರ್ಲಿಲ್ಲ, ಒಂದು ಟೀಶರ್ಟು, ಅರ್ಧ ಪ್ಯಾಕೆಟ್ ಬಿಸ್ಕೆಟ್ಟು, ಒಂದು ಚೀಟಿ. ಚೀಟೀಲಿ "ಅಮ್ಮನ ಡಬ್ಬಿ 340" ಅಂತ ಬರೆದಿದ್ದ, ದುಡಿದು ವಾಪಸ್ ಕೊಡಬೇಕು ಅಂತ. ಮೂರು ಚಪಾತಿ ಕೊಟ್ರೆ ಎರಡು ತಿಂದು ಒಂದನ್ನ ಮಡಚಿ ಬ್ಯಾಗಿಗೆ ಹಾಕಿಕೊಂಡ, ನಾಳೆಗೂ ಕೊಡ್ತೀವಪ್ಪ ಅಂದ್ರೂ ಹಾಕಿಕೊಂಡ. ರಾತ್ರಿ ಮಲಗೋವಾಗ ಚಪ್ಪಲಿ ತಲೆ ಕೆಳಗೆ ಇಟ್ಕೊಂಡ. ಹೊರಗೆ ಕಳೆದಿದ್ದು ಎರಡೇ ಎರಡು ರಾತ್ರಿ, ಅಷ್ಟರಲ್ಲೇ ಅದನ್ನ ಕಲಿತಿದ್ದ. ನಿಮ್ಮ ಹುಡುಗನ ಬ್ಯಾಗಲ್ಲಿ ಏನಿದೆ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ, ಕಿಡ್ನಿ ಗ್ಯಾಂಗಿಗಿಂತ ಅದು ಹೆಚ್ಚು ಭಯ ಹುಟ್ಟಿಸತ್ತೆ.

ಇನ್ನು ಯಾಕೆ ಓಡಿದ್ರು ಅನ್ನೋದು. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಈ ಮಕ್ಕಳ ಲೆಕ್ಕಾಚಾರ ಅಷ್ಟೇ, ಇವತ್ತು ಸಂಜೆಯ ಏಟು ತಪ್ಪಿದ್ರೆ ಸಾಕು. ನಾಳೆ ಏನು ಅಂತ ಯೋಚ್ನೆ ಮಾಡಿ ಹೊರಟ ಮಗು ನಾನು ಕಂಡಿಲ್ಲ. ಕುಡಿದು ಬರೋ ಅಪ್ಪ, ರಿಸಲ್ಟು, ಹಾಸ್ಟೆಲ್ಲಲ್ಲಿ ಸೀನಿಯರ್ ಕಾಟ, ಹದಿನೈದಕ್ಕೇ ಗಂಡು ಗೊತ್ತು ಮಾಡಿದ್ದು, ಮನೇಲೇ ಯಾರೋ ಮುಟ್ಟಬಾರದ ಹಾಗೆ ಮುಟ್ಟಿದ್ದು. ಮಾರಿಕಾಂಬೆ ಜಾತ್ರೆ ಮುಗಿದ ಮೇಲೆ ಜಾತ್ರೆ ಅಂಗಡಿಯೋರ ಲಾರಿ ಹತ್ತಿದ ಹುಡುಗ್ರೂ ಇದಾರೆ, ಅವ್ರಿಗೆ ಮನೇಲಿ ಕಷ್ಟ ಏನೂ ಇರ್ಲಿಲ್ಲ, ಲೋಕ ನೋಡ್ಬೇಕಿತ್ತು.

ಈಗ ನಿಮ್ಮ 24 ಗಂಟೆ. ಇದು ಸುಳ್ಳು, ಮತ್ತೆ ಅಪಾಯದ ಸುಳ್ಳು, ಕಾದಂಬರಿ ಓದಿ ಯಾರೋ ಒಬ್ಬ ತಂದೆ ನಿಜ ಅಂದ್ಕೊಂಡು ಮನೇಲಿ ಕೂತ್ರೆ ಅಂತ ನಂಗೆ ಹೆದರಿಕೆ ಆಗತ್ತೆ. ಮಗು ಕಾಣೆ ಆಗಿದೆ ಅಂತ ಬಂದ ತಕ್ಷಣ ಎಫ್‌ಐಆರ್ ಹಾಕಬೇಕು, ಅಪಹರಣ ಇಲ್ಲಾ ಕಳ್ಳಸಾಗಣೆ ಆಗಿರಬಹುದು ಅಂತಲೇ ಎಣಿಸಿ ತನಿಖೆ ಮಾಡಬೇಕು ಅಂತ ಬಚ್‌ಪನ್ ಬಚಾವೋ ಆಂದೋಲನ ಅನ್ನೋ ಮಕ್ಕಳ ಹಕ್ಕಿನ ಸಂಸ್ಥೆಯ ಕೇಸಲ್ಲಿ ಸುಪ್ರೀಂ ಕೋರ್ಟ್ 2013ರ ಮೇನಲ್ಲೇ ಹೇಳಿದೆ. ನಾಲ್ಕು ತಿಂಗಳಾದ್ರೂ ಸಿಗದಿದ್ರೆ ಕೇಸು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಇದು ನಮ್ಮ ಲಿಮಿಟ್ಟಲ್ಲ ಅನ್ನೋ ಹಾಗೂ ಇಲ್ಲ, ಯಾವ ಸ್ಟೇಷನ್ನಲ್ಲಿ ಬೇಕಾದ್ರೂ ಝೀರೋ ಎಫ್‌ಐಆರ್ ಕೊಡಬಹುದು. ಕಾನೂನಲ್ಲಿ 24 ಗಂಟೆ ಇರೋದು ಬೇರೆ ಕಡೆ, ಸಿಕ್ಕಿದ ಮಗುವನ್ನ 24 ಗಂಟೆ ಒಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು. ಆ ಸಮಿತೀಲಿ ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು, ಕನಿಷ್ಠ ಒಬ್ಬರು ಹೆಂಗಸು ಇರ್ಲೇಬೇಕು. ಮಗುವನ್ನ ಮನೆಗೆ ಕಳಿಸೋದಾ ಬೇಡ್ವಾ ಅಂತ ತೀರ್ಮಾನ ಅವರದ್ದು, ಪೊಲೀಸರದ್ದಲ್ಲ, ಅಪ್ಪ ಅಮ್ಮನದ್ದೂ ಅಲ್ಲ. ಲಾಕಪ್ ಸೀನ್ ಬರೆದಿದ್ರೆ ಕಾನೂನು ಪ್ರಕಾರ ಅದೂ ತಪ್ಪು, ಯಾವ ಕೇಸಲ್ಲೂ ಮಗುವನ್ನ ಲಾಕಪ್ಪಿಗೆ ಹಾಕೋ ಹಾಗಿಲ್ಲ. ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ ಕೇಸಾದ್ರೆ ಹೇಳಿಕೆ ತಗೊಳ್ಳೋ ಪೊಲೀಸರು ಯೂನಿಫಾರ್ಮಲ್ಲಿ ಇರೋ ಹಾಗಿಲ್ಲ. ನಿಮ್ಮ ಎಸ್‌ಐ ಇದನ್ನೆಲ್ಲ ಮುರೀತಾನೆ ಅಂತ ಬರೆಯಬಹುದು, ಆದ್ರೆ ಮುರೀತಿದಾನೆ ಅಂತ ಓದೋರಿಗೆ ಗೊತ್ತಾಗ್ಲಿ.

ಟೆನ್ಷನ್ ಬೇಕು ಅಂದ್ರಲ್ಲ, ಅದು ನೀವು ನೋಡದೇ ಇರೋ ಜಾಗದಲ್ಲಿದೆ. ತಾಳಗುಪ್ಪದಿಂದ ಮೈಸೂರಿಗೆ ಹೋಗೋ ರಾತ್ರಿ ರೈಲಲ್ಲಿ ಇಬ್ರೂ ಜನರಲ್ ಬೋಗಿ ಹತ್ತಿದಾರೆ ಅಂತಿಟ್ಕೊಳ್ಳಿ. ಭದ್ರಾವತಿ ದಾಟಿ ತರೀಕೆರೆ ಬರೋಷ್ಟರಲ್ಲಿ ಹುಡುಗಿ ನಿದ್ದೆ, ಹುಡುಗ ನಿದ್ದೆ ಮಾಡಲ್ಲ. ಬೆಳಗಿನ ಜಾವ ಬೆಂಗಳೂರಲ್ಲಿ ರೈಲ್ವೆ ರಕ್ಷಣಾ ಪಡೆ (ಆರ್‌ಪಿಎಫ್) ಪೊಲೀಸರ ಕಣ್ಣಿಗೆ ಬೀಳ್ತಾರೆ, ಇಂಥ ಮಕ್ಕಳನ್ನ ಹುಡುಕೋಕೇ ಆರ್‌ಪಿಎಫ್‌ನೋರು 'ನನ್ಹೆ ಫರಿಶ್ತೆ' ಅಂತ ಕಾರ್ಯಾಚರಣೆ ಮಾಡ್ತಾರೆ. ಉಳಿದ್ರು ಅಂತ ಓದೋರು ಉಸಿರು ಬಿಡ್ತಾರೆ. ಅಲ್ಲಿಂದಲೇ ಶುರು. ಇಬ್ರೂ ಒಟ್ಟಿಗೆ ಓಡಿಬಂದೋರು, ಹುಡುಗಿಗೆ 18 ಆಗಿಲ್ಲ, ಅವಳು ನನ್ನಿಷ್ಟದಿಂದಲೇ ಬಂದೆ ಅಂದ್ರೂ ಕಾನೂನು ಅದನ್ನ ಒಪ್ಪಿಗೆ ಅಂತ ತಗೊಳ್ಳಲ್ಲ. ಅವಳ ಮನೆಯೋರು ಪೋಕ್ಸೋ ಕೇಸು ಕೊಟ್ರೆ ಹುಡುಗಿ ಮಕ್ಕಳ ಕಲ್ಯಾಣ ಸಮಿತಿ ಮುಂದೆ, ಹುಡುಗ ಆರೋಪ ಹೊತ್ತ ಮಕ್ಕಳ ವಿಚಾರಣೆ ಮಾಡೋ ಬಾಲನ್ಯಾಯ ಮಂಡಳಿ ಮುಂದೆ, ಅವಳು ಬಾಲಮಂದಿರಕ್ಕೆ, ಇವನು ಅಂಥ ಮಕ್ಕಳನ್ನ ಇಡೋ ವೀಕ್ಷಣಾಲಯಕ್ಕೆ. ಇವನಿಗೆ 16 ತುಂಬಿದೆ, ಘೋರ ಅಪರಾಧ ಅಂತ ಆದ್ರೆ ದೊಡ್ಡೋರ ತರ ವಿಚಾರಣೆ ಮಾಡಬೇಕಾ ಅಂತ ಮೂರು ತಿಂಗಳೊಳಗೆ ಪ್ರಾಥಮಿಕ ಪರಿಶೀಲನೆ ನಡೆಯತ್ತೆ. ನಿನ್ನೆ ರಾತ್ರಿ ಒಂದೇ ಶಾಲು ಹೊದ್ದು ಕೂತಿದ್ದ ಇಬ್ಬರು ಮಕ್ಕಳು, ಇವತ್ತು ಒಂದು ಫೈಲಲ್ಲಿ ಅವಳು ಸಂತ್ರಸ್ತೆ ಇವನು ಆರೋಪಿ. ಅವಳು ನನ್ನ ಹತ್ರ ಮೊದಲು ಕೇಳೋದು ಏನ್ ಗೊತ್ತಾ, "ಅವನಿಗೆ ಊಟ ಕೊಟ್ರಾ?" ನಾನು ಉತ್ತರ ಹೇಳೋಕೆ ಒದ್ದಾಡಿದ ದಿನಗಳಿದಾವೆ.

ಒಂದು ಕೋರಿಕೆ. ಸೊಲ್ಯೂಷನ್ ಮೂಸೋ ಮಕ್ಕಳನ್ನ ಬರೆಯೋವಾಗ ಪೋಕ್ರಿಗಳ ತರ ಬರೀಬೇಡಿ. ಪಂಕ್ಚರ್ ಅಂಟನ್ನ ಬಟ್ಟೆಗೆ ಹಾಕಿ ಮೂಸಿದ್ರೆ ಹಸಿವು ಚಳಿ ಎರಡೂ ಗೊತ್ತಾಗಲ್ಲ ಅಂತ ಅವರೇ ಹೇಳ್ತಾರೆ, ಮಜಾ ಅಂತ ಶುರು ಮಾಡಿದೋರು ಕಡಿಮೆ.

ಪ್ರಶ್ನೆ: ಅಕ್ಕನ ಮಗ ಎಸ್ಸೆಸ್ಸೆಲ್ಸಿ ಫೇಲಾಗಿ ಮನೆ ಬಿಟ್ಟಿದ್ದ, ಆರನೇ ದಿನಕ್ಕೆ ಸಿಕ್ದ. ಭಾವ ದಿನಾ ಬೈತಾರೆ, ಎಲ್ಲಿದ್ದೆ ಹೇಳು ಅಂತ. ಅವನು ಬಾಯೇ ಬಿಡಲ್ಲ. (ಚಿಕ್ಕಮ್ಮ, ಸಾಗರ)

ಉತ್ತರ: ಎಲ್ಲಿದ್ದೆ ಅನ್ನೋದನ್ನ ನಿಲ್ಲಿಸೋಕೆ ಹೇಳಿ, ಭಾವನಿಗೆ ನೀವೇ ಹೇಳಬೇಕು, ನಿಮ್ಮಕ್ಕನ ಮಾತು ಅವ್ರು ಕೇಳಲ್ಲ ಅಂತ ಪತ್ರ ಓದಿದ್ರೇ ಗೊತ್ತಾಗತ್ತೆ. ಆ ಆರು ದಿನ ಒಂದೇ ಸಲಕ್ಕೆ ಹೊರಗೆ ಬರಲ್ಲ, ಚೂರು ಚೂರಾಗಿ ತಿಂಗಳುಗಟ್ಟಲೆ ಬರತ್ತೆ, ಅಡಿಕೆ ಸುಲೀತಾ ಕೂತಾಗಲೋ ಗಾಡೀಲಿ ಹಿಂದೆ ಕೂತಾಗಲೋ, ಮುಖ ನೋಡದೇ ಇರೋವಾಗ. ಒಮ್ಮೆ ಡಾಕ್ಟರಿಗೆ ತೋರಿಸಿ. ಯಾರೋ ಏನೋ ಮಾಡಿದ್ರು ಅನ್ನೋ ಹಾಗೆ ಒಂದು ಮಾತು ಬಂದ್ರೂ ಮುಚ್ಚಿಡಬೇಡಿ, ಪೋಕ್ಸೋ ಪ್ರಕಾರ ತಿಳಿಸಲೇಬೇಕು, ಗಂಡುಮಕ್ಕಳಿಗೂ ಅದು ಅನ್ವಯ. ಪರೀಕ್ಷೆ ಅದೇ ವರ್ಷ ಮತ್ತೆ ಬರೆಯಬಹುದು, ಅದನ್ನ ಈಗಲೇ ಎತ್ತಬೇಡಿ. ಮತ್ತೆ ಕಾಣೆಯಾಗಿದಾನೆ ಅಂತ ವಾಟ್ಸಾಪಲ್ಲಿ ಹಾಕಿದ ಫೋಟೋ ಇನ್ನೂ ಓಡಾಡ್ತಿರತ್ತೆ, ಎಲ್ಲಾ ಗ್ರೂಪಲ್ಲೂ ಡಿಲೀಟ್ ಮಾಡ್ಸಿ, ಅವನು ಅದನ್ನ ನೋಡಿರ್ತಾನೆ.

ಪ್ರಶ್ನೆ: ನಂದು ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ರ ಸಣ್ಣ ಟೀ ಕ್ಯಾಂಟೀನ್. ನಾಲ್ಕು ದಿನದಿಂದ 12-13 ವರ್ಷದ ಒಬ್ಬ ಹುಡುಗ ಇಲ್ಲೇ ಸುತ್ತಾಡ್ತಿದಾನೆ. ಲೋಟ ತೊಳೆಯೋ ಕೆಲಸ ಕೊಟ್ಟು ಊಟ ಹಾಕೋಣ ಅಂತಿದೀನಿ. ಪೊಲೀಸ್ ಅಂದ್ರೆ ತಾಪತ್ರಯ. ಏನ್ ಮಾಡ್ಲಿ?

ಉತ್ತರ: ನಿಮ್ಮ ಮನಸ್ಸು ಒಳ್ಳೇದು, ಅದಕ್ಕೇ ನೇರವಾಗಿ ಹೇಳ್ತೀನಿ, ಊಟ ಹಾಕಿ, ಲೋಟ ಕೊಡಬೇಡಿ. 14 ತುಂಬದ ಮಗುವನ್ನ ಕೆಲಸಕ್ಕೆ ಇಟ್ಕೊಂಡ್ರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲಾ 20 ಸಾವಿರದಿಂದ 50 ಸಾವಿರ ದಂಡ, ಇಲ್ಲಾ ಎರಡೂ. ಅದು ಹಾಗಿರ್ಲಿ, ನಿಮ್ಮ ಹತ್ರ ಊಟಕ್ಕೆ ಕೆಲಸ ಮಾಡ್ತಿರೋ ಒಂಟಿ ಹುಡುಗ ಅಂತ ಸ್ಟ್ಯಾಂಡಲ್ಲಿ ಓಡಾಡೋ ಎಲ್ರಿಗೂ ಎರಡು ದಿನದಲ್ಲಿ ಗೊತ್ತಾಗತ್ತೆ, ಮೊದಲನೇ ಪ್ರಶ್ನೇಲಿ ಹೇಳಿದ ಆ ಅಣ್ಣನಿಗೂ.

1098ಕ್ಕೆ ಫೋನ್ ಮಾಡಿ, ಫ್ರೀ, ರಾತ್ರಿ ಹಗಲು ಇರತ್ತೆ. 1996ರಲ್ಲಿ ಮುಂಬೈಲಿ ಶುರುವಾದ ಸಹಾಯವಾಣಿ, ಈಗ ಸರ್ಕಾರವೇ ನಡೆಸತ್ತೆ, 112ಕ್ಕೂ ಜೋಡಿಸಿದಾರೆ, ಅದಕ್ಕೆ ಮಾಡಿದ್ರೂ ಆಯ್ತು. ಪೊಲೀಸ್ ಸ್ಟೇಷನ್ನಿಗೇ ಹೋಗಬೇಕು ಅಂತಿಲ್ಲ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿದ್ರೂ ನಡೆಯತ್ತೆ. ಇಂಥ ಮಗು ಕಂಡು 24 ಗಂಟೆ ಒಳಗೆ ತಿಳಿಸಬೇಕು ಅಂತ ಕಾಯ್ದೆ ಇದೆ, ನಾಲ್ಕು ದಿನ ಆಗಿದೆ ಅಂತಿದೀರ, ಹಾಗಾಗಿ ಇದನ್ನ ಓದಿದ ತಕ್ಷಣ ಮಾಡಿ.

ಹುಡುಗನನ್ನ ಹಿಡಿದು ಕೂರಿಸ್ಬೇಡಿ, ಓಡಿಬಿಡ್ತಾನೆ. ಟೀ ಕೊಡಿ, ನಿಮ್ಮ ಹೆಸರು ಹೇಳಿ, ಅವನ ಹೆಸರು ಕೇಳಬೇಡಿ, ಕೇಳಿದ್ರೆ ಸುಳ್ಳು ಹೆಸರು ಹೇಳಬೇಕಾಗತ್ತೆ ಅವನಿಗೆ, ಆಮೇಲೆ ಆ ಸುಳ್ಳನ್ನ ಕಾಪಾಡ್ಕೋಬೇಕಾಗತ್ತೆ. ಫೋಟೋ ತೆಗೀಬೇಡಿ. ಫೋನ್ ಮಾಡಿದ ಮೇಲೆ "ಮಕ್ಕಳನ್ನ ನೋಡ್ಕೊಳ್ಳೋರು ಬರ್ತಿದಾರೆ, ನಾನೇ ಕರೆದಿದೀನಿ, ನಾನೂ ಇಲ್ಲೇ ಇರ್ತೀನಿ" ಅಂತ ನೇರ ಹೇಳಿ, ಗುಟ್ಟಾಗಿ ಮಾಡಿದ್ರೆ ನೀವೂ ಮೋಸ ಮಾಡಿದ್ರಿ ಅಂತಾಗತ್ತೆ. ಅವರು ಬರೋದು ಒಂದು ಗಂಟೆ ತಡ ಆಗಬಹುದು, ಅಷ್ಟು ಹೊತ್ತು ಕ್ಯಾಂಟೀನ್ ಮುಚ್ಚಬೇಡಿ, ಮಳೆ ಇದ್ರೆ ಅವನನ್ನ ಒಳಗೆ ಬೆಂಚಿನ ಮೇಲೆ ಕೂರೋಕೆ ಹೇಳಿ, ಬಾಗಿಲು ತೆರೆದೇ ಇರ್ಲಿ. ಅವರು ಕರ್ಕೊಂಡು ಹೋಗೋವಾಗ ಗಾಡಿ ಹತ್ತೋವರೆಗೂ ಜೊತೆಗೆ ನಡೀರಿ.