ಸ್ಪೆಕ್ ಬರೆದಿದ್ದೀರಿ ಸರಿ, ಲೋಡ್ ಆಗಿದೆಯಾ?

ಕ್ಲೋಜರ್ ಭಾಷೆಯಲ್ಲಿ ಡೇಟಾ ಹೇಗಿರಬೇಕು ಅಂತ ಬರೆದು ಪರೀಕ್ಷಿಸುವ ಲೈಬ್ರರಿ ಸ್ಪೆಕ್. ಅದರ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು: ಸ್ಪೆಕ್ ಬರೆದಿದ್ದೇವೆ, ತಪ್ಪು ಡೇಟಾ ಹಿಡಿಯುತ್ತಿಲ್ಲ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಕೀವರ್ಡ್ ಅಂದರೇನು ಅಂತೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್‌ಗಳಿಗೆ ಲೆಕ್ಕದ ಆ್ಯಪ್ ಮಾಡುತ್ತಿದ್ದೇವೆ ಸರ್. ಲಾಟ್‌ನ ಎಸ್/ಕೀಸ್‌ನಲ್ಲಿ (ಯಾವ ಕೀಗಳು ಇರಬೇಕು ಅಂತ ಹೇಳುವ ಸ್ಪೆಕ್) :ಭತ್ತ/ತೂಕ ಕಡ್ಡಾಯ ಅಂತ ಹಾಕಿದ್ದೇವೆ. ತೂಕ ಸಂಖ್ಯೆಯೇ ಆಗಿರಬೇಕು ಅಂತ ಬೇರೆ ಫೈಲಿನಲ್ಲಿ ಸ್ಪೆಕ್ ಇದೆ. ಟೆಸ್ಟ್ ಎಲ್ಲ ಪಾಸ್. ಆದರೆ ಸರ್ವರ್‌ನಲ್ಲಿ "75 ಕೆಜಿ" ಅನ್ನುವ ಸ್ಟ್ರಿಂಗ್ ಒಳಗೆ ನುಗ್ಗುತ್ತಿದೆ. ಸ್ಪೆಕ್‌ನಲ್ಲೇ ಬಗ್ಗಾ?

ಉತ್ತರ: ಅಲ್ಲ. ಸ್ಪೆಕ್‌ನ ರಿಜಿಸ್ಟ್ರಿ, ಅಂದರೆ ಸ್ಪೆಕ್‌ಗಳ ಹೆಸರಿನ ಪಟ್ಟಿ, ಇಡೀ ಪ್ರೊಸೆಸ್‌ಗೆ ಒಂದೇ. ಸ್ಪೆಕ್ಕಿಗೆ ಹೆಸರು ಕೊಡುವ ಎಸ್/ಡೆಫ್ ಓಡಿದಾಗ ಮಾತ್ರ ಹೆಸರು ಅದರೊಳಗೆ ಸೇರುತ್ತದೆ. ಫೈಲ್ ಡಿಸ್ಕ್ ಮೇಲಿದ್ದರೆ ಸಾಲದು, ಯಾರಾದರೂ ಅದನ್ನು ರಿಕ್ವೈರ್ (ಲೋಡ್) ಮಾಡಿರಬೇಕು. ನಿಮ್ಮ ಟೆಸ್ಟ್ ಮಾಡಿದೆ, ಸರ್ವರ್ ಶುರುಮಾಡುವ ಮೇನ್ ಫೈಲ್ ಮಾಡಿಲ್ಲ. ರೆಪ್ಲ್‌ನಲ್ಲಂತೂ (ಕೋಡನ್ನು ಸಾಲುಸಾಲಾಗಿ ಓಡಿಸಿ ನೋಡುವ ಜಾಗ) ನೀವೇ ಕೈಯಾರೆ ಲೋಡ್ ಮಾಡಿರುತ್ತೀರಿ, ಅಲ್ಲಿ ಇದು ಗೊತ್ತೇ ಆಗುವುದಿಲ್ಲ.

ಎರರ್ ಯಾಕೆ ಬರಲಿಲ್ಲ? ರಿಜಿಸ್ಟ್ರಿಯಲ್ಲಿ ಇಲ್ಲದ ಹೆಸರನ್ನು ಡೇಟಾ ಪರೀಕ್ಷಿಸುವ ಎಸ್/ವ್ಯಾಲಿಡ್‌ಗೆ ನೇರವಾಗಿ ಕೊಟ್ಟರೆ ಅದು ಕೂಗಾಡುತ್ತದೆ. ಎಸ್/ಕೀಸ್ ಹಾಗಲ್ಲ. ಒಳಗಿನ ಕೀಗಳ ಸ್ಪೆಕ್ಕನ್ನು ಪರೀಕ್ಷೆಯ ಹೊತ್ತಿಗೆ ಹುಡುಕುತ್ತದೆ. ಸಿಗದಿದ್ದರೆ ಕೀ ಇದೆಯೋ ಇಲ್ಲವೋ ಅಷ್ಟೇ ನೋಡಿ ಸುಮ್ನಾಗುತ್ತದೆ. ಇದು ಬೇಕೆಂದೇ ಮಾಡಿದ ವ್ಯವಸ್ಥೆ, ಮುಂದೆ ಬರೆಯುವ ಸ್ಪೆಕ್ಕನ್ನೂ ಈಗಲೇ ಹೆಸರಿಸಬಹುದು. ಬೆಲೆ ಮಾತ್ರ ನೀವು ತೆರುತ್ತಿದ್ದೀರಿ.

ಮದ್ದು ಸರಳ. ಲಾಟ್ ಸ್ಪೆಕ್ ಇರುವ ಫೈಲಿನಲ್ಲೇ ತೂಕದ ಫೈಲನ್ನು ರಿಕ್ವೈರ್ ಮಾಡಿ. ಆ ಸಾಲು 'ಬಳಕೆಯಾಗಿಲ್ಲ' ಅಂತ ಲಿಂಟರ್ (ಕೋಡ್ ತಪಾಸಣೆಯ ಟೂಲ್) ಗೊಣಗಿದರೆ ಗೊಣಗಲಿ, ಅಳಿಸಬೇಡಿ. ಕ್ಲೋಜರ್ 1.11ರಲ್ಲಿ ಬಂದ :ಆ್ಯಸ್-ಏಲಿಯಾಸ್ ಹೆಸರು ಗಿಡ್ಡ ಮಾಡುತ್ತದೆ, ಫೈಲನ್ನು ಲೋಡ್ ಮಾಡುವುದಿಲ್ಲ. ಎಷ್ಟೋ ಜನ ಬೀಳುವುದು ಇಲ್ಲೇ. ಜೊತೆಗೆ ಒಂದು ಟೆಸ್ಟ್: ಹೊಸ ಜೆವಿಎಂನಲ್ಲಿ (ಕ್ಲೋಜರ್ ಓಡುವ ಪ್ರೊಸೆಸ್) ಮೇನ್ ಒಂದನ್ನೇ ಲೋಡ್ ಮಾಡಿ, ಲಾಟ್ ಸ್ಪೆಕ್ಕಿನ ಎಸ್/ಫಾರ್ಮ್‌ನಿಂದ ಕೀಗಳನ್ನು ತೆಗೆದು, ಒಂದೊಂದೂ ರಿಜಿಸ್ಟ್ರಿಯಲ್ಲಿ ಇದೆಯಾ ಅಂತ ಎಸ್/ಗೆಟ್-ಸ್ಪೆಕ್ ಕೇಳಿ. ನಿಲ್ (ಏನೂ ಇಲ್ಲ) ಬಂದರೆ ಬಿಲ್ಡ್ ನಿಲ್ಲಲಿ. ಇದಿಲ್ಲದ ಕೋಡನ್ನು ನಾನಂತೂ ಸರ್ವರ್‌ಗೆ ಬಿಡುವುದಿಲ್ಲ.

ಹೆಸರನ್ನು ಭತ್ತ, ಅಕ್ಕಿ ಅಂತ ಬೇರೆ ಇಟ್ಟಿದ್ದೀರಿ, ಒಳ್ಳೆಯದು. ಭತ್ತದ ಚೀಲ 75 ಕೆಜಿ, ಅಕ್ಕಿಯ ಚೀಲ 25. ಬರೀ :ತೂಕ ಅಂದಿದ್ದರೆ ಮಾಲೀಕರ ಹತ್ತಿರ ಬೈಸಿಕೊಳ್ಳುತ್ತಿದ್ದಿರಿ.

ಪ್ರಶ್ನೆ: ಕೀ ಹೆಸರಿನ ಮುಂದೆ ಎಲ್ಲ ಕಡೆ ಎರಡು ಕೋಲನ್ (::) ಹಾಕಿದರೆ ಸೇಫ್ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ನಿಜವಾ? (ಸಿಂಧನೂರು)

ಉತ್ತರ: ಆ ವಿಡಿಯೊ ಬಿಡಿ. ಎರಡು ಕೋಲನ್ ಈಗಿನ ನೇಮ್‌ಸ್ಪೇಸಿನ, ಅಂದರೆ ಆ ಕೋಡ್ ಫೈಲಿನ, ಹೆಸರನ್ನು ಅಂಟಿಸುತ್ತದೆ, ಅಷ್ಟೇ. ಆ ಕೀ ಡೇಟಾಬೇಸ್ ಸೇರಿದ ಮೇಲೆ ಫೈಲಿನ ಹೆಸರು ಬದಲಿಸಿ ನೋಡಿ, ಹಳೆಯ ಡೇಟಾ ಹೊಸ ಸ್ಪೆಕ್ಕಿಗೆ ಸಿಗುವುದಿಲ್ಲ. ಹೊರಗೆ ಹೋಗುವ ಡೇಟಾಗೆ ಒಂದೇ ಕೋಲನ್, ಪೂರ್ತಿ ಹೆಸರು. ನೇಮ್‌ಸ್ಪೇಸ್ ಭಾಗಕ್ಕೆ (ಓರೆಗೆರೆಯ ಹಿಂದಿನದು) ಫೈಲ್ ಇರಲೇಬೇಕು ಅಂತೇನಿಲ್ಲ. ಆದರೆ :ಯೂಸರ್/ಐಡಿ ಥರದ್ದು ಬೇಡ. ಲೈಬ್ರರಿಯೂ ಅದನ್ನೇ ಇಟ್ಟರೆ ಕೊನೆಗೆ ಬಂದದ್ದು ಸದ್ದಿಲ್ಲದೆ ಗೆಲ್ಲುತ್ತದೆ.

ಪ್ರಶ್ನೆ: ಫೈಲಿನಿಂದ ಅಳಿಸಿದ ಸ್ಪೆಕ್ ರೆಪ್ಲ್‌ನಲ್ಲಿ ಇನ್ನೂ ಇದೆ. (ರಾಯಚೂರು)

ಉತ್ತರ: ಎಸ್/ಡೆಫ್‌ನಲ್ಲಿ ಅದಕ್ಕೆ ನಿಲ್ ಕೊಡಿ.

ಪ್ರಶ್ನೆ: ಸ್ಪೆಕ್ ಇನ್ನೂ ಆಲ್ಫಾ (ಪ್ರಯೋಗದ ಹಂತ), ಬಳಸಬಹುದಾ? (ಬಳ್ಳಾರಿ)

ಉತ್ತರ: 2017ರ 1.9ರಿಂದ ಕ್ಲೋಜರೇ ಬಳಸುತ್ತಿದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಸ್ಪೆಕ್ ಬಿಟ್ಟು 'ಮಲ್ಲಿ' (Malli) ಅನ್ನುವ ಇನ್ನೊಂದು ಲೈಬ್ರರಿಗೆ ಹೋದರೆ ಇದೆಲ್ಲ ತಪ್ಪುತ್ತಾ? (ಕೊಪ್ಪಳ)

ಉತ್ತರ: ಅಲ್ಲಿ ರಿಜಿಸ್ಟ್ರಿಯನ್ನು ನೀವೇ ಕೈಯಲ್ಲಿ ಹಿಡಿದು ಕೊಡಬಹುದು. ಅದು ನನಗೂ ಇಷ್ಟ. ಆದರೆ ರಿಕ್ವೈರ್ ಮರೆತಿದ್ದಕ್ಕೆ ಇಡೀ ಲೈಬ್ರರಿಯನ್ನೇ ಬದಲಿಸಬೇಡಿ.